ಯಾರ ಪೈಕಿ, ಪಗಾರ ಎಷ್ಟು?

ನಮ್ಮ ಕೊಪ್ಪಳ ಸೀಮೆಯಲ್ಲಿ ಹೊಸ ಮುಖ ಕಂಡರೆ ಕೇಳುವ ಪ್ರಶ್ನೆಗಳು ಮೂರು: ಯಾವೂರು, ಯಾರ ಪೈಕಿ, ಪಗಾರ ಎಷ್ಟು. ಕುಷ್ಟಗಿಯಲ್ಲಿ ಬಸ್ಸು ಹತ್ತಿ ಕೂತವರು ತಾವರಗೇರಾ ಮುಟ್ಟುವುದರೊಳಗೆ ಮೂರಕ್ಕೂ ಉತ್ತರ ಕೊಟ್ಟು ಮುಗಿಸಿರುತ್ತಾರೆ. ಮೂರನೆಯದಕ್ಕೆ ಒಂದು ಮರಿಪ್ರಶ್ನೆಯೂ ಉಂಟು: ‘ಎಲ್ಲಾ ಕಟ್ ಆಗಿ ಕೈಗೆ ಎಷ್ಟು ಬರ್ತೈತ್ರಿ?’ ಇನ್‌ಕಮ್ ಟ್ಯಾಕ್ಸಿನವರು ನೋಟಿಸು ಕೊಟ್ಟು ಕೇಳುವುದನ್ನು ನಮ್ಮವರು ಶೇಂಗಾ ಸುಲಿಯುತ್ತ ಕೇಳುತ್ತಾರೆ. ಕೇಳಿಸಿಕೊಂಡವರಿಗೂ ಸಿಟ್ಟು ಬರುವುದಿಲ್ಲ. ಏನೂ ಕೇಳದೆ ಸುಮ್ಮನೆ ಕೂತವನ ಮೇಲೇ ಅನುಮಾನ: ‘ಭಾಳ ಗಟ್ಟಿ ಮನಷ್ಯಾ ಅದಾನ, ಬಾಯೇ ಬಿಡವಲ್ಲ!’

ಇಂಥ ನಾಡಿಗೆ ಈಗ ಪ್ರೈವಸಿ ಸೆಟ್ಟಿಂಗ್ ಬಂದಿದೆ.

ಫೇಸ್‌ಬುಕ್, ವಾಟ್ಸಾಪ್ ಬಂದಾಗ ನಮ್ಮವರು ಈ ವಿಷಯಕ್ಕೆ ತಲೆ ಕೆಡಿಸಿಕೊಂಡವರಲ್ಲ. ಗವಿಮಠದ ತೇರಿನ ಫೋಟೊ, ಮೊಮ್ಮಗನ ಜವಳದ ಫೋಟೊ ಯಾರು ನೋಡಿದರೇನು? ನೋಡಲಿ ಎಂದೇ ಹಾಕಿದ್ದು. ತಲೆನೋವು ಶುರುವಾದದ್ದು ಲಿಂಕ್ಡ್‌ಇನ್‌ನಿಂದ. 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಾಗಿಲು ತೆರೆದ ಈ ತಾಣವನ್ನು 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ 2,620 ಕೋಟಿ ಡಾಲರಿಗೆ ಕೊಂಡಿತು. ಭಾರತದಲ್ಲೇ ಇದರ ಸದಸ್ಯರು ಹತ್ತು ಕೋಟಿ ದಾಟಿದ್ದಾರೆ. ಅದರಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರು, ಪುಣೆ ಸೇರಿದ ಯಲಬುರ್ಗಾದ ಇಂಜಿನಿಯರ್ ಹುಡುಗರು, ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಗಳ ಶಿಫ್ಟ್ ಇನ್‌ಚಾರ್ಜ್‌ಗಳು, ಭಾನಾಪುರದ ಆಟಿಕೆ ಕ್ಲಸ್ಟರಿನಲ್ಲಿ ಕೆಲಸ ಹುಡುಕುವವರು, ಗಂಗಾವತಿ–ಕಾರಟಗಿಯ ರೈಸ್‌ಮಿಲ್ಲಿನವರು, ಎಲ್ಲರೂ. ಎಲ್ಲರ ಫೋಟೊದಲ್ಲೂ ಕೋಟು. ಅರ್ಧಕ್ಕರ್ಧ ಕೋಟು ಸ್ಟುಡಿಯೋದವನದು ಎಂಬುದು ಭುಜದ ಹೊಲಿಗೆ ತೋಳಿಗೆ ಇಳಿದದ್ದನ್ನು ನೋಡಿದರೇ ಗೊತ್ತಾಗುತ್ತದೆ.

ಹೆಸರಿನ ಕೆಳಗೆ ಒಂದು ಸಾಲು ಇರುತ್ತದಲ್ಲ, ಹೆಡ್‌ಲೈನ್ ಅಂತ, ಅಲ್ಲಿ ‘ಲೀಡರ್, ಥಿಂಕರ್, ಮೋಟಿವೇಟರ್’ ಎಂದೆಲ್ಲ ಬರೆದುಕೊಂಡಿರುವುದನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ನಮ್ಮ ನೆಲದ ಶಾಸನ ಓದಿದವರಿಗೆ ಇದು ಹೊಸದಲ್ಲ. 1112ರಲ್ಲಿ ಇಟಗಿಯಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ ಮಹಾದೇವ ದಂಡನಾಯಕ, ಆರನೆಯ ವಿಕ್ರಮಾದಿತ್ಯನ ಕೈಕೆಳಗಿನ ಅಧಿಕಾರಿ. ಗುಡಿಗೆ ‘ದೇವಾಲಯ ಚಕ್ರವರ್ತಿ’ ಎಂಬ ಬಿರುದನ್ನು ಶಾಸನದಲ್ಲೇ ಕೆತ್ತಿಸಿಬಿಟ್ಟಿದ್ದಾನೆ. ಗುಡಿ ಆ ಮಾತಿಗೆ ತಕ್ಕಂತಿದೆ, ಅದು ಬೇರೆ ವಿಷಯ. ಇನ್ನೂ ಹಿಂದಕ್ಕೆ ಹೋದರೆ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಕಿರು ಶಾಸನ ಇದೆ. ಅದರ ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಶ್ರಮಪಟ್ಟಿದ್ದೇನೆ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಫಲ ಪಡೆಯಬಹುದು. ಇವತ್ತು ಬೆಳಗ್ಗೆ ಯಾವನೋ ಸೇಲ್ಸ್ ಮ್ಯಾನೇಜರ್ ಹಾಕಿದ ಪೋಸ್ಟಿನಲ್ಲೂ ಇದೇ ಇತ್ತು. ಸಾಲದ್ದಕ್ಕೆ ಅಶೋಕ ಅದೇ ಮಾತನ್ನು ಊರಿನ ಇನ್ನೊಂದು ಗುಡ್ಡ ಪಾಲ್ಕಿಗುಂಡಿನ ಮೇಲೂ ಕೆತ್ತಿಸಿದ. ಕೊಪ್ಪಳದವರು ಎತ್ತ ಹೋದರೂ ಚಕ್ರವರ್ತಿಯ ಪೋಸ್ಟ್. ಬ್ಲಾಕ್ ಮಾಡೋಣವೆಂದರೆ ಗುಡ್ಡವನ್ನೇ ಕಡಿಯಬೇಕಿತ್ತು.

ಹಾಗಾಗಿ ಹೇಳಿಕೊಳ್ಳುವುದರಲ್ಲಿ ನಾವು ಹಳಬರು. ಅಡಗಿಸಿಕೊಳ್ಳುವುದರಲ್ಲೇ ಅಭ್ಯಾಸವಿಲ್ಲ.

ಯಲಬುರ್ಗಾ ಕಡೆಯ ನಮ್ಮ ದೊಡ್ಡಪ್ಪನವರ ಕಥೆ ಕೇಳಿ. ಗೊಬ್ಬರದಂಗಡಿ ಅವರದು. ಮೊಮ್ಮಗಳಿಗೆ ಬೆಂಗಳೂರಿನ ಒಂದು ವರ ಬಂದಿತ್ತು. ಮೊದಲಾಗಿದ್ದರೆ ಹುಡುಗನ ಊರಿಗೆ ಒಬ್ಬರನ್ನು ಕಳಿಸಿ, ಹೋಟೆಲಿನಲ್ಲಿ ಚಾ ಕುಡಿಸಿ, ಮನೆತನ ಹೆಂಗ, ಹೊಲ ಎಷ್ಟು, ಹುಡುಗ ಏನಾದರೂ ‘ತಗೋತಾನೇನು’ ಎಂದು ತಿಳಿದುಕೊಳ್ಳುತ್ತಿದ್ದರು. ಈಗ ಹುಡುಗ ಹೇಳಿದ ನೌಕರಿ ಖರೆಯೋ ಸುಳ್ಳೋ ಎಂಬುದಕ್ಕೆ ಲಿಂಕ್ಡ್‌ಇನ್ ನೋಡುವುದು ರೂಢಿಯಾಗಿದೆ. ಮಗ ಮಾಡಿಕೊಟ್ಟ ಖಾತೆ ಇತ್ತಲ್ಲ, ದೊಡ್ಡಪ್ಪನವರು ಬೆಳಗ್ಗೆ ಪೂಜೆ ಮುಗಿಸಿ ಒಮ್ಮೆ, ರಾತ್ರಿ ಊಟ ಮುಗಿಸಿ ಒಮ್ಮೆ ಹುಡುಗನ ಪ್ರೊಫೈಲ್ ತೆಗೆದು, ಕನ್ನಡಕ ಏರಿಸಿ, ಮೊದಲಿಂದ ಕಡೆಯವರೆಗೆ ನೋಡುವರು. ತಾವು ನೋಡುತ್ತಿರುವುದು ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯ.

ಅತ್ತ ಹುಡುಗನ ಫೋನಿನಲ್ಲಿ ‘ನಿಮ್ಮ ಪ್ರೊಫೈಲ್ ನೋಡಿದವರು’ ಎಂಬಲ್ಲಿ ದೊಡ್ಡಪ್ಪನವರ ಹೆಸರು, ಟೊಪ್ಪಿಗೆ ಹಾಕಿದ ಫೋಟೊ, ಕೆಳಗೆ ಗೊಬ್ಬರದಂಗಡಿಯ ಮಾಲೀಕರು ಎಂಬ ವಿವರ, ಎಲ್ಲ ಬಂದು ಕೂತಿದೆ. ವಾರ ಕಳೆಯುವುದರೊಳಗೆ ಹುಡುಗನ ತಾಯಿಯ ಫೋನು: ‘ಯಣ್ಣಾರ, ನೀವು ಭಾಳ ಮನಸು ಮಾಡೀರಂತ ಕಾಣಸ್ತೈತ್ರಿ. ಹಂಗಾದ್ರ ಮಾತುಕತಿಗೆ ಯಾವಾಗ ಬರ್ತೀರಿ?’ ಇನ್ನೂ ಎರಡು ವರ ನೋಡುವುದಿತ್ತು. ಆಸಕ್ತಿ ಇದೆ ಎಂದು ಎದುರಿನವರಿಗೆ ಮೊದಲೇ ಗೊತ್ತಾದರೆ ಮಾತುಕತೆಯಲ್ಲಿ ಏನು ಉಳಿಯಿತು? ದೊಡ್ಡಪ್ಪ ಮಗನ ಮೇಲೆ ಹರಿಹಾಯ್ದರು: ‘ನೋಡಿದ್ರ ಹೇಳಿಬಿಡ್ತೈತಿ ಅಂತ ನನಗ ಯಾಕ ಹೇಳಲಿಲ್ಲಲೇ?’

ನೋಡಿದವರು ಯಾರೆಂದು ತೋರಿಸುವ ಈ ಸೆಟ್ಟಿಂಗಿನ ಬಗ್ಗೆ ನನಗೆ ಗೌರವವಿದೆ. ಇದರಲ್ಲಿ ಮೂರು ಆಯ್ಕೆ. ಒಂದು, ಹೆಸರು–ಫೋಟೊ ಸಮೇತ ಹೋಗಿ ನೋಡುವುದು. ಎರಡು, ಅರ್ಧ ಮುಖ ಮುಚ್ಚಿಕೊಂಡು ಹೋಗುವುದು. ಆಗ ಎದುರಿನವರಿಗೆ ಹೆಸರು ಕಾಣದು, ‘ಇಂಥ ಉದ್ಯೋಗದ ಯಾರೋ ಒಬ್ಬರು’ ಎಂದಷ್ಟೇ ತೋರುತ್ತದೆ. ಮೂರು, ಪ್ರೈವೇಟ್ ಮೋಡ್, ಪೂರಾ ಮುಸುಕು. ದೊಡ್ಡಪ್ಪನವರಂಥ ಚಿಕ್ಕ ಊರಿನ ಗೊಬ್ಬರದಂಗಡಿಯವರಿಗೆ ಎರಡನೆಯದರಿಂದ ಉಪಯೋಗವಿಲ್ಲ. ಯಲಬುರ್ಗಾದ ಗೊಬ್ಬರದಂಗಡಿಯವರು ಯಾರೋ ನೋಡಿದರು ಎಂದರೆ ಹುಡುಗನ ತಾಯಿಗೆ ಮಿಕ್ಕದ್ದು ಗೊತ್ತೇ ಇರುತ್ತದೆ. ಮೂರನೆಯದನ್ನು ಆರಿಸಿದರೆ ಮಾತ್ರ ರಕ್ಷಣೆ. ಆದರೆ ಅದಕ್ಕೊಂದು ಷರತ್ತಿದೆ: ದುಡ್ಡು ಕಟ್ಟದ ಖಾತೆಯಾದರೆ, ನೀವು ಮುಸುಕು ಹಾಕಿದ ಮೇಲೆ ನಿಮ್ಮನ್ನು ಯಾರು ನೋಡಿದರೆಂಬುದೂ ನಿಮಗೆ ಕಾಣುವುದಿಲ್ಲ. ಕದ್ದು ನೋಡುವ ಸುಖ ಬೇಕೆಂದರೆ ನೋಡಿಸಿಕೊಂಡ ಲೆಕ್ಕ ಬಿಡಬೇಕು. ನಮ್ಮೂರ ಪಂಚರು ಕೂತು ತೀರ್ಪು ಕೊಟ್ಟಿದ್ದರೂ ಇದಕ್ಕಿಂತ ನ್ಯಾಯವಾಗಿ ಕೊಡುತ್ತಿರಲಿಲ್ಲ.

ಎಲ್ಲ ಸೆಟ್ಟಿಂಗುಗಳೂ ಇಷ್ಟು ಧರ್ಮವಂತವಲ್ಲ. ಖಾತೆ ತೆರೆದ ಹೊಸದರಲ್ಲಿ ‘ನಿಮ್ಮ ಫೋನಿನ ಕಾಂಟ್ಯಾಕ್ಟ್‌ಗಳನ್ನು ಸೇರಿಸಲೇ?’ ಎಂದು ನಯವಾಗಿ ಕೇಳುತ್ತದೆ. ನಮ್ಮವರು ‘ಆತು’ ಎಂದು ಒತ್ತುತ್ತಾರೆ. ಆ ಪಟ್ಟಿಯಲ್ಲಿ ಗ್ಯಾಸ್ ಏಜೆನ್ಸಿಯವರು, ಟ್ರ್ಯಾಕ್ಟರ್ ಮೆಕ್ಯಾನಿಕ್, ಬೀಗರು, ಬಡ್ಡಿ ಸಾಲ ಕೊಟ್ಟವರು ಎಲ್ಲರೂ ಇರುತ್ತಾರೆ. ಹಿಂದೆ ಹೀಗೆ ಸಿಕ್ಕಿದ ವಿಳಾಸಗಳಿಗೆ ಸದಸ್ಯರ ಹೆಸರಿನಲ್ಲಿ ‘ಬನ್ನಿ, ಸೇರಿ’ ಎಂದು ಮೇಲಿಂದ ಮೇಲೆ ನೆನಪೋಲೆ ಕಳಿಸಿದ್ದಕ್ಕೆ ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆಯೇ ನಡೆದು, 2015ರಲ್ಲಿ ಕಂಪನಿ 1.3 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ನಿಮ್ಮ ಫೋನ್ ನಂಬರ್ ಇದ್ದವರು ನಿಮ್ಮನ್ನು ಹುಡುಕಬಹುದೇ ಎಂಬುದಕ್ಕೂ ಒಂದು ಸೆಟ್ಟಿಂಗ್ ಇದೆ. ಮದುವೆ ಪತ್ರಿಕೆ, ಅಂಗಡಿ ಬೋರ್ಡು, ಆಟೋದ ಹಿಂಭಾಗ, ಎಲ್ಲಿ ನೋಡಿದರಲ್ಲಿ ನಂಬರು ಬರೆಸುವ ನಾವು ಮೊದಲು ನೋಡಬೇಕಾದದ್ದು ಇದನ್ನು. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗುಂಡಿ ಕಾಣಿಸಿಕೊಂಡಿತು: ಸದಸ್ಯರು ಬರೆದದ್ದನ್ನು ಕೃತಕ ಬುದ್ಧಿಮತ್ತೆಗೆ ಪಾಠ ಹೇಳಿಸಲು ಬಳಸಿಕೊಳ್ಳಬಹುದೇ ಎಂಬುದು. ಅನೇಕ ದೇಶಗಳಲ್ಲಿ ಅದು ಮೊದಲೇ ‘ಆನ್’ ಆಗಿತ್ತು. ಬೇಡವೆನ್ನುವವರು ಹುಡುಕಿಕೊಂಡು ಹೋಗಿ ಆರಿಸಬೇಕಿತ್ತು. ಸುಮ್ಮನಿದ್ದವರೆಲ್ಲ ಒಪ್ಪಿದವರು ಎಂಬ ಲೆಕ್ಕ ಗ್ರಾಮಸಭೆಯಲ್ಲಿ ಕಂಡವರಿಗೆ ಇದೇನೂ ವಿಚಿತ್ರವೆನಿಸಲಿಕ್ಕಿಲ್ಲ.

ಕುಷ್ಟಗಿಯ ನಮ್ಮ ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಅವನಿಗೆ ಮ್ಯಾನೇಜರ್ ಮೇಲೆ ಸಿಟ್ಟು. ಹೊಸ ಕೆಲಸ ಹುಡುಕಬೇಕು, ಇದ್ದ ಕೆಲಸದವರಿಗೆ ತಿಳಿಯಬಾರದು. ‘ಓಪನ್ ಟು ವರ್ಕ್’ ಎಂದು ಫೋಟೊ ಸುತ್ತ ಹಸಿರು ಬಳೆ ತೊಡಿಸಿದರೆ ಊರಿಗೆಲ್ಲ ಡಂಗುರ. ಅದರ ಬದಲು ನೇಮಕ ಮಾಡುವವರಿಗಷ್ಟೇ ಕಾಣುವಂತೆ ಇಡಬಹುದು. ಹಾಗಿಟ್ಟರೆ ನಿಮ್ಮದೇ ಕಂಪನಿಯ ನೇಮಕದವರಿಗೆ ಕಾಣದಂತೆ ನೋಡಿಕೊಳ್ಳುತ್ತೇವೆ, ಆದರೆ ಪೂರಾ ಗ್ಯಾರಂಟಿ ಕೊಡಲಾಗದು ಎಂದು ಅವರೇ ಹೇಳಿಕೊಂಡಿದ್ದಾರೆ. ‘ಗ್ಯಾರಂಟಿ ಇಲ್ಲ’ ಎಂಬ ಸಾಲನ್ನು ಓದಿದ ಹುಡುಗ ಹೆದರಿ, ಇಡೀ ಕಂಪನಿಯನ್ನೇ ಬ್ಲಾಕ್ ಮಾಡಲು ನೋಡಿದ. ಹಾಗೆ ಸಗಟಾಗಿ ಮಾಡಲು ಬರುವುದಿಲ್ಲ, ಒಬ್ಬೊಬ್ಬರನ್ನೇ ಮಾಡಬೇಕು. ಸರಿ, ಮ್ಯಾನೇಜರನ್ನು ಮಾಡಿದ. ಮಾಡಿದ ಕೂಡಲೇ ಅವರಿಬ್ಬರ ನಡುವಿನ ಕನೆಕ್ಷನ್ ಹರಿಯಿತು. ಅದೇ ಮ್ಯಾನೇಜರ್ ಹೋದ ವರ್ಷ ಖುಷಿಯಲ್ಲಿದ್ದಾಗ ಬರೆದುಕೊಟ್ಟಿದ್ದ ಶಿಫಾರಸು ಮಾತುಗಳೂ ಪ್ರೊಫೈಲಿನಿಂದ ಮಾಯ. ಗಾಬರಿಯಾಗಿ ಬ್ಲಾಕ್ ತೆಗೆದ. ತೆಗೆದ ಮಾತ್ರಕ್ಕೆ ಕನೆಕ್ಷನ್ ತಾನಾಗಿ ಮರಳುವುದಿಲ್ಲ, ಹೊಸದಾಗಿ ಕೈ ಚಾಚಬೇಕು. ಅಷ್ಟರಲ್ಲಿ ಮತ್ತೆ ಸಿಟ್ಟು ಬಂದು ಬ್ಲಾಕ್ ಮಾಡಹೋದರೆ, ಒಮ್ಮೆ ತೆಗೆದ ಮೇಲೆ ಅದೇ ವ್ಯಕ್ತಿಯನ್ನು ಮತ್ತೆ ಬ್ಲಾಕ್ ಮಾಡಲು 48 ತಾಸು ಕಾಯಬೇಕು ಎಂಬ ನಿಯಮ ಅಡ್ಡ ಬಂತು.

‘ಮಾವಾ, ಎರಡು ದಿನಾ ಏನ್ ಮಾಡ್ಲಿ?’ ಎಂದು ಫೋನು ಮಾಡಿದ. ‘ಕೆಲಸಾ ಮಾಡು’ ಎಂದೆ. ಸಿಟ್ಟಿನಲ್ಲಿ ಹಾಕಿದ ಅಗಳಿಯನ್ನು ತೆಗೆಯುವುದು ಸುಲಭ ಮಾಡಿ, ಮತ್ತೆ ಹಾಕುವುದನ್ನು ಎರಡು ದಿನ ತಡ ಮಾಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲೂ ಅಣ್ಣತಮ್ಮಂದಿರು ಇದ್ದಿರಬೇಕು.

ಆ ಹುಡುಗನಿಗೆ ಬೇಕಿದ್ದದ್ದು ಬ್ಲಾಕ್ ಅಲ್ಲವೇ ಅಲ್ಲ. ಮ್ಯಾನೇಜರನ ಪೋಸ್ಟು ಕಣ್ಣಿಗೆ ಬೀಳದಿದ್ದರೆ ಸಾಕಿತ್ತು. ಅದಕ್ಕೆ ‘ಅನ್‌ಫಾಲೋ’ ಇದೆ. ಕನೆಕ್ಷನ್ ಹಾಗೇ ಇರುತ್ತದೆ, ಪೋಸ್ಟ್ ಮಾತ್ರ ಬರುವುದಿಲ್ಲ. ಮದುವೆಯಲ್ಲಿ ಎದುರಾದರೆ ‘ಆರಾಮ್ರಿ?’ ಎಂದು ನಕ್ಕು, ಊಟದ ಪಂಕ್ತಿಯಲ್ಲಿ ಮಾತ್ರ ಬೇರೆ ಸಾಲು ಹಿಡಿಯುವ ಕಲೆ ನಮಗೆ ಹುಟ್ಟಿನಿಂದ ಬಂದದ್ದು. ಫೋನು ಕೈಗೆ ಬಂದೊಡನೆ ಅದನ್ನು ಮರೆತು ನೇರ ಬ್ಲಾಕಿಗೆ ಕೈ ಹಾಕುತ್ತೇವೆ.

ಹಾಗಂತ ಬ್ಲಾಕ್ ಬೇಡದ್ದು ಎಂದಲ್ಲ. ಕೊಪ್ಪಳದ ಒಂದು ಹೋಟೆಲಿನಲ್ಲಿ ಅದರ ಸರಿಯಾದ ಬಳಕೆಯನ್ನು ಕಣ್ಣಾರೆ ಕಂಡೆ. ನಾನು, ಗಂಗಾವತಿಯ ಅಕ್ಕಿ ವ್ಯಾಪಾರದ ಗೆಳೆಯರು, ಈಚೆಗೆ ಇಂಜಿನಿಯರಿಂಗ್ ಮುಗಿಸಿದ ನಮ್ಮ ತಂಗಿಯ ಮಗಳು, ಮೂವರ ಮುಂದೆ ಮಂಡಾಳ ಒಗ್ಗರಣಿ, ಮಿರ್ಚಿ. ಅವಳ ಫೋನು ‘ಟಿಣ್’ ಎಂದಿತು. ಯಾವುದೋ ಕಂಪನಿಯ ದೊಡ್ಡ ಹುದ್ದೆಯವನು. ಮೊದಲ ಸಾಲಿನಲ್ಲಿ ‘ನಿಮ್ಮ ಪ್ರೊಫೈಲ್ ತುಂಬಾ ಇಂಪ್ರೆಸಿವ್’, ಎರಡನೆಯದರಲ್ಲಿ ‘ಹಾಯ್ ಡಿಯರ್’, ಮೂರನೆಯದರಲ್ಲಿ ‘ಡಿಪಿ ಚೇಂಜ್ ಮಾಡಿದ್ದು ಯಾಕೆ?’ ಹುಡುಗಿಯ ಮುಖದ ಮೇಲೆ ಒಂದು ಗೆರೆಯೂ ಕದಲಲಿಲ್ಲ. ಬೆರಳಿಗೆಲ್ಲ ಮಿರ್ಚಿಯ ಎಣ್ಣೆ. ಕಿರುಬೆರಳೊಂದನ್ನೇ ಎತ್ತಿ ಅವನ ಪ್ರೊಫೈಲ್ ತೆರೆದಳು. ಹೆಸರಿನ ಕೆಳಗಿನ ‘ಮೋರ್’ ಒತ್ತಿದಳು, ಪಟ್ಟಿ ಇಳಿಯಿತು, ‘ರಿಪೋರ್ಟ್ ಆರ್ ಬ್ಲಾಕ್’ ಒತ್ತಿದಳು. ಮೊದಲು ದೂರು ಕೊಟ್ಟಳು, ಆಮೇಲೆ ಬ್ಲಾಕ್. ‘ಖಚಿತವೇ?’ ಎಂದು ಕೇಳಿತು. ಖಚಿತ. ಪರದೆಯ ಮೇಲೆ ಕಿರುಬೆರಳಿನ ಜಿಡ್ಡಿನ ಗುರುತೊಂದು ಉಳಿಯಿತು. ಅದನ್ನು ಮೊಣಕೈಯಿಂದ ಒರೆಸಿ ಇನ್ನೊಂದು ಮಿರ್ಚಿ ತೆಗೆದುಕೊಂಡಳು.

ಗಂಗಾವತಿಯವರು ಬೆರಗಾಗಿ ನೋಡುತ್ತಿದ್ದರು. ‘ಯವ್ವಾ, ಈಗ ಅವಗ ಗೊತ್ತಾಗ್ತೈತೇನು, ನೀ ಬ್ಲಾಕ್ ಮಾಡಿದ್ದು?’

‘ಇಲ್ಲ ಮಾವಾ. ಹೇಳಂಗಿಲ್ಲ ಅದು.’

‘ಗೊತ್ತಾಗದಿದ್ರ ಏನ್ ಮಜಾ?’

‘ಮಜಾಕ್ಕಲ್ಲ ಮಾವಾ, ನಿದ್ದಿಗೆ.’

ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಗಂಡಸರ ಜಗಳದಲ್ಲಿ ಮಾತು ಬಿಟ್ಟದ್ದು ಊರಿಗೆ ಗೊತ್ತಾಗಲೇಬೇಕು. ನಾಲ್ಕು ಜನರ ಮುಂದೆ ‘ಇನ್ನ ನಿನ್ನ ಹೊಸ್ತಲಾ ತುಳಿಯಂಗಿಲ್ಲ’ ಎನ್ನದಿದ್ದರೆ ಅದು ಜಗಳವೇ ಅಲ್ಲ. ಈ ಹುಡುಗಿಗೆ ಸಾಕ್ಷಿ ಬೇಡ, ಗೆಲುವೂ ಬೇಡ. ಕಡೆಗೆ ಅವರು ಅಂದರು: ‘ಹಿಂದಿನ ಕಾಲದಾಗ ಇದೆಲ್ಲ ಬೇಕಿದ್ದಿಲ್ಲ ನೋಡ್ರಿ. ಮನಿ ಕಟ್ಟೋದರಾಗ ಇತ್ತು ಎಲ್ಲಾ.’

ಅವರ ಮಾತಿನಲ್ಲಿ ಹುರುಳಿದೆ. ನಮ್ಮ ಹಳೆಯ ಮನೆಗಳಲ್ಲಿ ಕಟ್ಟೆ, ತಲಬಾಗಿಲು, ಪಡಸಾಲೆ, ನಡುಮನೆ, ಅಡುಗೆಮನೆ ಎಂದು ಒಂದರ ಹಿಂದೊಂದು. ದಾರಿಹೋಕರು ಕಟ್ಟೆಯವರೆಗೆ, ವ್ಯವಹಾರದವರು ಪಡಸಾಲೆಯವರೆಗೆ, ತವರಿನವರು ಒಲೆಯವರೆಗೆ. ‘ಇಲ್ಲಿ ನಿಲ್ಲಿ’ ಎಂದು ಯಾರೂ ಹೇಳುತ್ತಿರಲಿಲ್ಲ, ಬಂದವರ ಕಾಲಿಗೇ ಗೊತ್ತಿರುತ್ತಿತ್ತು. ಲಿಂಕ್ಡ್‌ಇನ್‌ನವರು ಮೊದಲ ಸುತ್ತು, ಎರಡನೆಯ ಸುತ್ತು, ಮೂರನೆಯ ಸುತ್ತು ಎಂದು ಪರಿಚಯದವರನ್ನು ವಿಂಗಡಿಸಿ, ಯಾವ ಸುತ್ತಿನವರಿಗೆ ಇಮೇಲ್ ಕಾಣಬೇಕು, ಯಾರಿಗೆ ಫೋಟೊ ಕಾಣಬೇಕು ಎಂದು ಕೇಳುವುದೂ ಈ ಅಂಕಣಗಳ ಲೆಕ್ಕವೇ.

ಆದರೆ ಗೆಳೆಯರು ಒಂದನ್ನು ಬಿಟ್ಟು ಹೇಳಿದರು. ಆ ಮನೆಯ ಅಗಳಿ ಯಾರ ಕೈಯಲ್ಲಿತ್ತು? ಯಜಮಾನನ ಕೈಯಲ್ಲಿ. ಸೊಸೆಗೆ ತವರಿಂದ ಬಂದ ಕಾಗದವನ್ನು ಪಡಸಾಲೆಯಲ್ಲಿ ಮಾವ ಒಡೆದು, ಓದು ಬಲ್ಲವರಿಂದ ಎಲ್ಲರೆದುರು ಓದಿಸಿ, ಆಮೇಲೆ ಒಳಗೆ ಕಳಿಸುತ್ತಿದ್ದ. ನಡುಮನೆಯಲ್ಲಿ ಇದ್ದವರಿಗೆ ಹೊರಗಿನವರ ಕಾಟ ಇರಲಿಲ್ಲ ನಿಜ, ಒಳಗಿನವರ ಕಾಟಕ್ಕೆ ಚಿಲಕವೇ ಇರಲಿಲ್ಲ. ಇನ್ನು ಕಟ್ಟೆಯನ್ನೂ ಹತ್ತಗೊಡದೆ ಇಟ್ಟವರ ಮಾತು ಬೇರೆಯೇ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರನ್ನು ಕ್ಷೌರದಂಗಡಿಗೂ ಹೋಟೆಲಿಗೂ ಸೇರಿಸದ ಜಗಳ ಬೆಳೆದು 2014ರ ಆಗಸ್ಟ್‌ನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಹಳ ಮಂದಿ ಕೂಡಿ ಕೆಲವರನ್ನು ಹೊರಗಿಟ್ಟರೆ ಅದು ಬಹಿಷ್ಕಾರ. ಒಬ್ಬಳು ಹುಡುಗಿ ತನ್ನನ್ನು ಕಾಡುವವನನ್ನು ತನ್ನ ಬಾಗಿಲಿಂದ ಹೊರಗಿಟ್ಟರೆ ಅದು ಅವಳ ಹಕ್ಕು. ಎರಡಕ್ಕೂ ಒಂದೇ ಹೆಸರಿಟ್ಟು ‘ಈಗಿನವರಿಗೆ ಸಹನೆ ಇಲ್ಲ’ ಎನ್ನುವವರು ಹೆಚ್ಚಾಗಿ ಅಗಳಿ ಕೈಯಲ್ಲಿದ್ದವರ ಮಕ್ಕಳೇ.

ಹಕ್ಕು ಎಂದಾಗ ನಮ್ಮ ರಾಜ್ಯದವರೊಬ್ಬರನ್ನು ನೆನೆಯದೆ ಮುಂದೆ ಹೋಗಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ ಪ್ರಶ್ನೆಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಬಸ್ಸಿನಲ್ಲಿ ಪಗಾರ ಕೇಳುವವರಿಗೆ ಅದರಿಂದೇನೂ ತೊಂದರೆಯಾಗಿಲ್ಲ, ಕೇಳಬಹುದು. ಹೇಳದೆ ಇರಬಹುದು ಎಂಬುದು ಮಾತ್ರ ಈಗ ಗಟ್ಟಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ. ಒಪ್ಪಿಗೆ ಕೇಳುವವರು ಆ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡ ಇದೆ. ದೊಡ್ಡಪ್ಪನವರಿಗೆ ‘ನೀವು ನೋಡಿದ್ದು ಅವರಿಗೆ ತಿಳಿಯುತ್ತದೆ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು ತೋರಿಸಿದ್ದರೆ ಅವರ ಮಾತುಕತೆ ಕೆಡುತ್ತಿರಲಿಲ್ಲ.

ಗಂಗಾವತಿಯ ಗೆಳೆಯರ ಮಾತು ಇನ್ನೂ ಮುಗಿದಿಲ್ಲ. ಅವರಿಗೆ ಎರಡೂ ಬೇಕು. ಬೇರೆ ಮಿಲ್ಲಿನವರ ಪ್ರೊಫೈಲನ್ನು ತಾವು ಕದ್ದು ನೋಡಬೇಕು, ತಮ್ಮದನ್ನು ಯಾರು ನೋಡಿದರೆಂಬುದೂ ತಿಳಿಯಬೇಕು. ‘ಹಂಗ ಬರಂಗಿಲ್ಲ ಮಾವಾ, ಪ್ರೀಮಿಯಂ ತಗೊಂಡ್ರ ಮಾತ್ರ’ ಎಂದು ಹುಡುಗಿ ಹೇಳಿದ್ದೇ ತಡ, ಅಲ್ಲೇ ಕೂತು ಒಂದು ತಿಂಗಳ ಪುಕ್ಕಟೆ ಟ್ರಯಲ್ ತೆಗೆದುಕೊಂಡರು. ಪಂಚರ ತೀರ್ಪನ್ನು ಹೊಗಳಿದ್ದೆನಲ್ಲ, ಅದು ರೊಕ್ಕ ಇಲ್ಲದವರಿಗೆ ಮಾತ್ರ ಅನ್ವಯ. ಇದ್ದವರಿಗೆ ಮುಸುಕೂ ಉಂಟು, ಕಿಂಡಿಯೂ ಉಂಟು.

ಎರಡು ವಾರದ ಮೇಲೆ ಅವರ ಫೋನು. ‘ಏನ್ರಿ ಇದು, ನನ್ನ ಪ್ರೊಫೈಲ್ ಭಾಳ ಮಂದಿ ನೋಡ್ಯಾರ. ಆದ್ರ ಲಿಸ್ಟ್ ತೆಗೆದ್ರ ಮ್ಯಾಲಿಂದ ಮ್ಯಾಲೆ ಬರೇ ಲಿಂಕ್ಡ್‌ಇನ್ ಮೆಂಬರ್, ಲಿಂಕ್ಡ್‌ಇನ್ ಮೆಂಬರ್. ಒಬ್ಬಂದೂ ಹೆಸರಿಲ್ಲ!’

‘ಅವರೂ ಪ್ರೈವೇಟ್ ಮೋಡ್‌ನಾಗ ಅದಾರ್ರಿ. ಅವರ ಹೆಸರು ಪ್ರೀಮಿಯಂನವರಿಗೂ ಕಾಣಂಗಿಲ್ಲ. ನೀವೂ ಅವರಿಗೆ ಹಂಗ ಕಾಣ್ತೀರಿ.’

‘ಮತ್ತ ಈ ಪ್ರೀಮಿಯಂ ಯಾಕ ಬೇಕು?’

ಟ್ರಯಲ್ ಮುಗಿಯುವ ಮುಂಚೆ ರದ್ದು ಮಾಡದಿದ್ದರೆ ಕಾರ್ಡಿನಿಂದ ದುಡ್ಡು ಕಟ್ ಆಗುತ್ತದೆ ಎಂಬುದನ್ನು ಅವರಿಗೆ ನಾನೂ ಹೇಳಿರಲಿಲ್ಲ, ಹುಡುಗಿಯೂ ಹೇಳಿರಲಿಲ್ಲ. ಆದರೂ ಆ ರದ್ದು ಮಾಡುವ ಗುಂಡಿಯನ್ನು ಅವರೊಬ್ಬರೇ ಕೂತು, ಇಂಗ್ಲಿಷಿನ ಅಷ್ಟೂ ಪಟ್ಟಿಗಳನ್ನು ದಾಟಿಕೊಂಡು ಹೋಗಿ ಹುಡುಕಿದರು. ಇಡೀ ಸೆಟ್ಟಿಂಗಿನಲ್ಲಿ ಯಾರ ಸಹಾಯವೂ ಇಲ್ಲದೆ ಅವರು ಕಲಿತದ್ದು ಅದೊಂದೇ.